ಗಿಲ್-ಗಲಡ್‌ನ ತಂದೆ ಯಾರು?

ಜೆ. ಆರ್. ಆರ್. ಟೋಲ್ಕಿನ್ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, 1977ರಲ್ಲಿ, ಅವರ ಮಗ ಕ್ರಿಸ್ಟೋಫರ್ ತಂದೆ ಬಿಟ್ಟುಹೋದ ಕಾಗದಗಳ ರಾಶಿಯಿಂದ ‘ದಿ ಸಿಲ್ಮರಿಲಿಯನ್’ ಎಂಬ ಪುಸ್ತಕವನ್ನು ಕಟ್ಟಿ ಪ್ರಕಟಿಸಿದರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರಿಗೆ ಗಿಲ್-ಗಲಡ್ ಎಂಬ ಎಲ್ಫ್ ರಾಜನ ಪರಿಚಯವಿತ್ತು. ಒಂದು ಹಾಡಿನಲ್ಲಿ, ಹಳೆಯ ಯುದ್ಧವೊಂದರ ನೆನಪಿನಲ್ಲಿ ಅವನು ಬಂದು ಹೋಗುತ್ತಾನೆ. ಯಾರ ಮಗನೆಂದು ಮಾತ್ರ ಆ ಪುಸ್ತಕ ಹೇಳಿರಲಿಲ್ಲ. ಹೊಸ ಪುಸ್ತಕ ಅವನನ್ನು ಫಿಂಗೋನ್‌ನ ಮಗ ಎಂದಿತು. ಸುಮಾರು ಎರಡು ದಶಕ ಓದುಗರು ಅದನ್ನು ನಂಬಿ ವಂಶವೃಕ್ಷ ಬರೆದುಕೊಂಡರು. 1996ರಲ್ಲಿ ‘ದಿ ಪೀಪಲ್ಸ್ ಆಫ್ ಮಿಡಲ್-ಅರ್ತ್’ ಸಂಪುಟ ಹೊರತಂದಾಗ ಅದೇ ಕ್ರಿಸ್ಟೋಫರ್ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಫಿಂಗೋನ್‌ನ ಮಗ ಎಂಬುದು ತಂದೆಯ ಮನಸ್ಸಿನಲ್ಲಿ ಕೆಲಕಾಲ ಸುಳಿದು ಹೋದ ಆಲೋಚನೆ ಮಾತ್ರ, 1965ರ ಟಿಪ್ಪಣಿಗಳ ಪ್ರಕಾರ ಗಿಲ್-ಗಲಡ್ ಒರೊಡ್ರೆತ್‌ನ ಮಗ, ಅವನ ಹುಟ್ಟನ್ನು ಹೇಳದೆ ಬಿಟ್ಟಿದ್ದರೇ ಒಳ್ಳೆಯದಿತ್ತು ಎಂದು ಬರೆದರು. ಅಣ್ಣ ಫಿಂಗೋಲ್ಫಿನ್‌ನ ಕವಲಿನಲ್ಲಿದ್ದ ರಾಜ ತಮ್ಮ ಫಿನಾರ್ಫಿನ್‌ನ ಕವಲಿಗೆ ಬಂದ. ಲೇಖಕ ಇಲ್ಲ, ಸಂಪಾದಕ ತಾನೇ ಅಚ್ಚು ಹಾಕಿಸಿದ್ದನ್ನು ಅಲ್ಲಗಳೆದಿದ್ದಾನೆ, ಹಳೆಯ ಪುಸ್ತಕ ಇಂದಿಗೂ ಹಳೆಯ ಮಾತನ್ನೇ ಹೇಳುತ್ತ ಮಾರಾಟವಾಗುತ್ತಿದೆ. ಹಾಗಾದರೆ ಗಿಲ್-ಗಲಡ್‌ನ ತಂದೆ ಯಾರೆಂದು ತೀರ್ಮಾನಿಸುವ ಹಕ್ಕು ಯಾರದು?

ಋಷಿಮೂಲ, ನದೀಮೂಲ ಹುಡುಕಬಾರದು ಎನ್ನುತ್ತೇವೆ. ಕಲ್ಪಿತ ಪಾತ್ರಗಳ ಮೂಲವನ್ನು ಹುಡುಕುವುದಂತೂ ಕೆಲಸವಿಲ್ಲದವರ ಕೆಲಸ ಎಂಬುದು ಸಾಮಾನ್ಯ ಅಭಿಪ್ರಾಯ. ಇಲ್ಲದ ರಾಜನಿಗೆ ಇಲ್ಲದ ತಂದೆಯನ್ನು ಹುಡುಕಿ ಏನಾಗಬೇಕು? ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಫ್ಯಾಂಟಸಿ ಕಾದಂಬರಿಗಳ ಅಭಿಮಾನಿಗಳು ಹೆಸರುಗಳನ್ನು ಬಿಡಿಸಿ, ಮನೆತನಗಳನ್ನು ಜೋಡಿಸಿ ನಡೆಸಿಕೊಂಡು ಬಂದಿರುವ ಊಹೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯುದ್ದಕ್ಕೂ ಪುರಾವೆಯ ಕಟ್ಟುನಿಟ್ಟು ಬೆಳೆಯುತ್ತ ಬಂದಿದೆ. ಲೇಖಕ ಹೆಸರುಗಳನ್ನು ಒಂದು ನಿಯಮಕ್ಕೆ ಕಟ್ಟುಬಿದ್ದು ಇಟ್ಟಿದ್ದರೆ, ಆ ನಿಯಮ ಹಿಡಿದು ಹಿಂದಕ್ಕೆ ಹೋಗುವ ಅಧಿಕಾರ ಓದುಗನಿಗೂ ಬರುತ್ತದೆ. ನಿಯಮ ಮೀರಿದ ಊಹೆಯನ್ನು ತಳ್ಳಿಹಾಕಲು ಬೇಕಾದ ಆಧಾರವೂ ಅದೇ ನಿಯಮದಲ್ಲಿರುತ್ತದೆ. ಲೇಖಕನ ಹೇಳಿಕೆಗೆ ತೂಕವಿದೆ, ಆದರೆ ಅವನೇ ಕೊನೆಯ ನ್ಯಾಯಾಲಯವಲ್ಲ.

ಈ ಪದ್ಧತಿ ಹುಟ್ಟಿದ್ದು ಫ್ಯಾಂಟಸಿಯಲ್ಲಲ್ಲ, ಪತ್ತೇದಾರಿ ಕಥೆಗಳಲ್ಲಿ. 1911ರಲ್ಲಿ ಆಕ್ಸ್‌ಫರ್ಡಿನ ರೊನಾಲ್ಡ್ ನಾಕ್ಸ್ ಷರ್ಲಾಕ್ ಹೋಮ್ಸ್ ಕಥೆಗಳ ಮೇಲೆ ಒಂದು ಪ್ರಬಂಧ ಓದಿದರು. ಬೈಬಲ್ಲಿನ ಪಾಠಗಳನ್ನು ವಿದ್ವಾಂಸರು ಹೇಗೆ ಶೋಧಿಸುತ್ತಿದ್ದರೋ ಹಾಗೆಯೇ ಅವರು ಹೋಮ್ಸ್ ಕಥೆಗಳನ್ನು ಶೋಧಿಸಿದ್ದರು. ಆ ವಿದ್ವತ್ತಿನ ಅಣಕವಾಗಿ ಶುರುವಾದದ್ದು ಬಹುಬೇಗ ಸ್ವಂತ ಶಿಸ್ತಾಗಿ ಬೆಳೆಯಿತು. ಅದರ ಅತ್ಯಂತ ಚಂದದ ಮಾದರಿ ಡೊರೊಥಿ ಸೇಯರ್ಸ್ ಅವರದು. ಡಾಕ್ಟರ್ ವಾಟ್ಸನ್‌ನ ಹೆಸರು ಜಾನ್ ಎಚ್. ವಾಟ್ಸನ್ ಎಂದು 1887ರ ಮೊದಲ ಕಾದಂಬರಿಯೇ ಹೇಳುತ್ತದೆ. ಆದರೆ 1891ರ ಒಂದು ಕಥೆಯಲ್ಲಿ ಹೆಂಡತಿ ಅವನನ್ನು ಜೇಮ್ಸ್ ಎಂದು ಕರೆಯುತ್ತಾಳೆ. ಕಾನನ್ ಡಾಯ್ಲ್ ಮರೆತು ಬರೆದರು ಎನ್ನುವುದು ಸುಲಭದ ಉತ್ತರ. ಸೇಯರ್ಸ್ ಬೇರೆ ದಾರಿ ಹಿಡಿದರು. ಎಚ್ ಎಂಬುದು ಹೇಮಿಷ್ ಇರಬೇಕು, ಅದು ಜೇಮ್ಸ್ ಹೆಸರಿನ ಸ್ಕಾಟ್ಲೆಂಡ್ ರೂಪ, ಗಂಡನ ನಡುಹೆಸರನ್ನು ಹೆಂಡತಿ ಸಲಿಗೆಯಿಂದ ಇಂಗ್ಲಿಷಿಗೆ ತಿರುಗಿಸಿಕೊಂಡು ಕರೆದಿದ್ದಾಳೆ ಎಂದು ವಾದಿಸಿದರು. 1946ರಲ್ಲಿ ಬಂದ ಪ್ರಬಂಧ ಸಂಕಲನದಲ್ಲಿ ಈ ವಾದವನ್ನು ಸೇರಿಸಿಕೊಂಡಾಗ, ಈ ಆಟವನ್ನು ಲಾರ್ಡ್ಸ್ ಮೈದಾನದ ಕ್ರಿಕೆಟ್ಟಿನಷ್ಟೇ ಗಂಭೀರವಾಗಿ ಆಡಬೇಕೆಂಬ ಷರತ್ತನ್ನೂ ಹಾಕಿದರು. 1962ರಲ್ಲಿ ವಿಲಿಯಂ ಬೇರಿಂಗ್-ಗೌಲ್ಡ್ ಹೋಮ್ಸ್‌ನ ಪೂರ್ಣ ಜೀವನಚರಿತ್ರೆಯನ್ನೇ ಬರೆದು ಅವನಿಗೆ ವಿಲಿಯಂ ಷರ್ಲಾಕ್ ಸ್ಕಾಟ್ ಹೋಮ್ಸ್ ಎಂಬ ಪೂರ್ತಿ ಹೆಸರನ್ನೂ ಸೈಗರ್ ಎಂಬ ತಂದೆಯನ್ನೂ ಷೆರಿನ್‌ಫರ್ಡ್ ಎಂಬ ಅಣ್ಣನನ್ನೂ ಕೊಟ್ಟರು. ಸೈಗರ್ ಎಂಬ ಹೆಸರು ಗಾಳಿಯಿಂದ ಬಂದದ್ದಲ್ಲ. ಹೋಮ್ಸ್ ಸತ್ತನೆಂದು ಲೋಕ ನಂಬಿದ್ದ ವರ್ಷಗಳಲ್ಲಿ ಅವನು ಸೈಗರ್ಸನ್ ಎಂಬ ನಾರ್ವೆಯ ಪ್ರವಾಸಿಯ ವೇಷದಲ್ಲಿ ತಿರುಗಿದ್ದ. ಸೈಗರ್ಸನ್ ಎಂದರೆ ಸೈಗರ್‌ನ ಮಗ. ಷೆರಿನ್‌ಫರ್ಡ್ ಎಂಬುದು ಡಾಯ್ಲ್ ತಮ್ಮ ಪತ್ತೇದಾರನಿಗೆ ಮೊದಲು ಯೋಚಿಸಿ ಕೈಬಿಟ್ಟಿದ್ದ ಹೆಸರು. ಬಿಬಿಸಿಯ ‘ಷರ್ಲಾಕ್’ ಧಾರಾವಾಹಿಯಲ್ಲಿ 2012ರಲ್ಲಿ ವಾಟ್ಸನ್ ತನ್ನ ನಡುಹೆಸರು ಹೇಮಿಷ್ ಎಂದ. 2014ರಲ್ಲಿ ಹೋಮ್ಸ್ ತನ್ನ ಹೆಸರನ್ನು ಬೇರಿಂಗ್-ಗೌಲ್ಡ್ ಕೊಟ್ಟಂತೆಯೇ ಪೂರ್ತಿಯಾಗಿ ಹೇಳಿದ. ಓದುಗರ ಊಹೆ ಹೀಗೆ ಪಾತ್ರದ ಬಾಯಿಗೇ ಬಂದು ಕೂತಿತು.

ಆದರೂ ಹೋಮ್ಸ್ ಅಭಿಮಾನಿಗಳ ಕಟ್ಟಡಕ್ಕೆ ಒಂದು ಕೊರತೆಯಿತ್ತು. ಡಾಯ್ಲ್ ಹೆಸರುಗಳನ್ನು ಯಾವ ನಿಯಮಕ್ಕೂ ಕಟ್ಟುಬಿದ್ದು ಇಟ್ಟವರಲ್ಲ. ಅವರು ಅವಸರದಲ್ಲಿ ಬರೆಯುತ್ತಿದ್ದರು, ತಾವೇ ಬರೆದದ್ದನ್ನು ಮರೆಯುತ್ತಿದ್ದರು. ಆದ್ದರಿಂದ ಸೇಯರ್ಸ್ ಅವರ ಹೇಮಿಷ್ ಎಷ್ಟು ಸೊಗಸಾಗಿದ್ದರೂ ಲೇಖಕನ ಮರೆವಿನ ಮೇಲೆ ಕಟ್ಟಿದ ಸೇತುವೆಯೇ. ಅದು ಸರಿಯೋ ತಪ್ಪೋ ಎಂದು ತೂಗಿ ನೋಡಲು ಕಥೆಯೊಳಗೆ ತಕ್ಕಡಿ ಇರಲಿಲ್ಲ. ಆ ತಕ್ಕಡಿಯನ್ನು ತಂದವರು ಟೋಲ್ಕಿನ್.

ಟೋಲ್ಕಿನ್ ಕಾದಂಬರಿಕಾರರಾಗುವ ಮೊದಲು ಭಾಷಾಶಾಸ್ತ್ರಜ್ಞರು. ಮೊದಲ ಮಹಾಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಡಬ್ಲ್ಯೂ ಅಕ್ಷರದ ಪದಗಳ ಮೂಲ ಹುಡುಕುವ ಕೆಲಸ ಮಾಡಿದವರು, 1925ರಿಂದ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. 1937ರ ‘ದಿ ಹಾಬಿಟ್’ ಬರೆಯುವಾಗ ಅವರು ಕುಳ್ಳರ ಹೆಸರುಗಳನ್ನು ಹಳೆಯ ನಾರ್ಸ್ ಕಾವ್ಯವೊಂದರ ಪಟ್ಟಿಯಿಂದ ಎತ್ತಿಕೊಂಡಿದ್ದರು. ಗ್ಯಾಂಡಾಲ್ಫ್ ಎಂಬ ಹೆಸರೂ ಅದೇ ಪಟ್ಟಿಯದು. ಮೊದಲ ಕರಡಿನಲ್ಲಿ ಅದು ಕುಳ್ಳರ ನಾಯಕನ ಹೆಸರಾಗಿತ್ತು, ಮಾಂತ್ರಿಕನಿಗೆ ಬೇರೆ ಹೆಸರಿತ್ತು. ಅಲ್ಲಿಂದ 1954-55ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ ಬರುವಷ್ಟರಲ್ಲಿ ಈ ಸಡಿಲು ಪೂರ್ತಿ ಹೋಗಿತ್ತು. ರೋಹನ್ ನಾಡಿನ ಕುದುರೆ ಸವಾರರಿಗೆಲ್ಲ ಹಳೆಯ ಇಂಗ್ಲಿಷಿನ ಹೆಸರುಗಳು. ಎಯೊಮರ್, ಎಯೊವಿನ್, ಎಯೊಮುಂಡ್ ಎಂಬ ಹೆಸರುಗಳ ಮೊದಲ ಉಚ್ಚಾರದಲ್ಲೇ ಕುದುರೆ ಇದೆ. ಹಾಬಿಟ್ ಹುಡುಗಿಯರಿಗೆ ಹೂವಿನ ಇಲ್ಲವೇ ರತ್ನದ ಹೆಸರು. ಉತ್ತರದ ರಾಜ್ಯ ಅಳಿದ ಮೇಲೆ ಕಾಡುಪಾಲಾದ ರಾಜವಂಶದ ಹದಿನಾರು ಮುಖಂಡರ ಪಟ್ಟಿ ಮೂರನೆಯ ಸಂಪುಟದ ಕೊನೆಯಲ್ಲಿದೆ. ಅರನಾರ್ತ್‌ನಿಂದ ಅರಗಾರ್ನ್‌ವರೆಗೆ ಪ್ರತಿಯೊಂದು ಹೆಸರೂ ‘ಅರ್’ ಎಂದೇ ಶುರುವಾಗುತ್ತದೆ. ಅದು ರಾಜತ್ವದ ಗುರುತು, ಸಿಂಹಾಸನ ಹೋದರೂ ಬಿಟ್ಟುಕೊಡದ ಹಕ್ಕು. ಮೊದಲ ಸಂಪುಟದಲ್ಲಿ ಕೊಳೆಯಾದ ಬೂಟು ಹಾಕಿಕೊಂಡು ಹೋಟೆಲಿನ ಮೂಲೆಯಲ್ಲಿ ಕೂತ ಅಲೆಮಾರಿಯ ನಿಜವಾದ ಹೆಸರು ಅರಗಾರ್ನ್ ಎಂದು ತಿಳಿದ ಓದುಗನಿಗೆ, ಕೊನೆಯ ಅನುಬಂಧಕ್ಕೆ ಬಂದಾಗ ಆ ಹೆಸರಿನ ಮೊದಲ ಉಚ್ಚಾರದಲ್ಲೇ ಸಾವಿರ ವರ್ಷದ ಕಥೆ ಇತ್ತೆಂದು ಗೊತ್ತಾಗುತ್ತದೆ. ಇಷ್ಟೆಲ್ಲ ಕಟ್ಟಿ, ವಂಶಾವಳಿಗಳನ್ನು ಅಚ್ಚು ಹಾಕಿಸಿ, ಭಾಷೆಗಳ ಉಚ್ಚಾರಣೆಗೆ ಸೂತ್ರ ಕೊಟ್ಟ ಲೇಖಕ ಓದುಗನನ್ನು ಸುಮ್ಮನೆ ಕೇಳಿಸಿಕೊಳ್ಳಲು ಕರೆದಿಲ್ಲ. ಲೆಕ್ಕ ಹಾಕಲು ಕರೆದಿದ್ದಾರೆ.

ಗಿಲ್-ಗಲಡ್‌ನ ವಿಷಯಕ್ಕೆ ಈ ನಿಯಮವನ್ನು ಹಚ್ಚಿ ನೋಡಿ. ಗಿಲ್-ಗಲಡ್ ಎಂಬುದು ಬಿರುದು, ಹೊಳೆವ ತಾರೆ ಎಂಬ ಅರ್ಥದ್ದು. 1977ರ ಪುಸ್ತಕ ಅವನಿಗೆ ಎರೆಯ್ನಿಯನ್ ಎಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಅರಸರ ಕುಡಿ ಎಂದು ಅದರ ಅರ್ಥ. ಅದು ಯಾವ ರಾಜಕುಮಾರನಿಗೂ ಒಪ್ಪುವ ಹೆಸರು, ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಟೋಲ್ಕಿನ್ನರ ಕೊನೆಗಾಲದ ಟಿಪ್ಪಣಿಗಳಲ್ಲಿ ಅವನ ಹುಟ್ಟುಹೆಸರು ಅರ್ತನಾರೊ ಎಂದಿದೆ. ಗಲಾಡ್ರಿಯಲ್‌ಗೆ ತಂದೆ ಇಟ್ಟ ಹೆಸರು ಅರ್ತಾನಿಸ್. ಒರೊಡ್ರೆತ್‌ನ ಹಳೆಯ ಹೆಸರೂ ‘ಅರ್ತ’ ಎಂದೇ ಶುರುವಾಗುತ್ತದೆ. ಇವರೆಲ್ಲ ಫಿನಾರ್ಫಿನ್‌ನ ಮನೆಯವರು. ಹೆಸರಿನ ಮೊದಲ ತುಂಡು ಮನೆತನದ ಗುರುತಾಗಿರುವ ಲೋಕದಲ್ಲಿ ಅರ್ತನಾರೊ ಎಂಬವನು ಯಾರ ಅಂಗಳದಲ್ಲಿ ಆಡಿ ಬೆಳೆದನೆಂದು ಊಹಿಸುವುದು ಕಷ್ಟವಲ್ಲ. ಕ್ರಿಸ್ಟೋಫರ್ ಅವರ ತಿದ್ದುಪಡಿಯನ್ನು ನಾನು ಒಪ್ಪುವುದು ಅವರು ಲೇಖಕರ ಮಗ ಎಂಬ ಕಾರಣಕ್ಕಲ್ಲ, ಹೆಸರು ಅವರ ಪರ ಸಾಕ್ಷಿ ಹೇಳುತ್ತದೆ ಎಂಬ ಕಾರಣಕ್ಕೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದೂ ಟೋಲ್ಕಿನ್ ಅವರಿಂದಲೇ. ಹೆಸರುಗಳ ಮೂಲ ಕೆದಕುವ ಓದುಗರ ಬಗ್ಗೆ ಅವರಿಗೆ ಸಾಕುಸಾಕಾಗಿತ್ತು. 1967ರಲ್ಲಿ ಓದುಗರೊಬ್ಬರಿಗೆಂದು ಬರೆದ ದೀರ್ಘ ಪತ್ರದ ಕರಡು ಉಳಿದಿದೆ. ಸಾರಾನ್ ಎಂಬ ಹೆಸರಿಗೂ ಗ್ರೀಕಿನಲ್ಲಿ ಹಲ್ಲಿಗೆ ಹೇಳುವ ಪದಕ್ಕೂ ನಂಟಿಲ್ಲ, ಮೋರಿಯಾ ಗಣಿಗೂ ಬೈಬಲ್ಲಿನ ಮೋರಿಯಾ ನಾಡಿಗೂ ನಂಟಿಲ್ಲ ಎಂದು ಅದರಲ್ಲಿ ಒಂದೊಂದಾಗಿ ಅಲ್ಲಗಳೆಯುತ್ತಾರೆ. ಅದಕ್ಕೂ ಮೊದಲು ಸ್ವೀಡಿಷ್ ಅನುವಾದಕ ಒಕೆ ಓಲ್ಮಾರ್ಕ್ಸ್ ತಮ್ಮ ಮುನ್ನುಡಿಯಲ್ಲಿ ಸಾರಾನ್‌ನಲ್ಲಿ ಸ್ಟಾಲಿನ್‌ನನ್ನು ಕಂಡಿದ್ದರು, ಉಂಗುರವನ್ನು ಜರ್ಮನ್ ಪುರಾಣದ ನಿಬೆಲುಂಗರ ಉಂಗುರಕ್ಕೆ ಜೋಡಿಸಿದ್ದರು. ಟೋಲ್ಕಿನ್ ಕೆರಳಿ ಪ್ರಕಾಶಕರಿಗೆ ಪತ್ರ ಬರೆದರು. ಹಾಗಾದರೆ ಲೇಖಕರೇ ಈ ಕೆಲಸವನ್ನು ಬೇಡವೆಂದರಲ್ಲ ಎನ್ನಬಹುದು. 1967ರ ಪತ್ರವನ್ನು ನಿಧಾನವಾಗಿ ಓದಿದರೆ ಅವರು ಬೇಡವೆಂದದ್ದು ಒಂದು ಬಗೆಯ ಊಹೆಯನ್ನು ಮಾತ್ರ. ಒಂದು ಹೆಸರಿನ ಸದ್ದು ತಮ್ಮ ಕಿವಿಗೆ ಎಲ್ಲಿಂದ ಬಂತು ಎನ್ನುವುದು ಬೇರೆ, ಆ ಹೆಸರಿಗೆ ಕಥೆಯೊಳಗಿನ ಭಾಷೆಯಲ್ಲಿ ಏನರ್ಥ ಎನ್ನುವುದು ಬೇರೆ ಎಂದು ಅವರು ಗೆರೆ ಎಳೆಯುತ್ತಾರೆ. ಎಯಾರೆಂಡಿಲ್ ಎಂಬ ಹೆಸರು ಹಳೆಯ ಇಂಗ್ಲಿಷ್ ಪದ್ಯವೊಂದರಿಂದ ಬಂತೆಂದು ಒಪ್ಪಿಕೊಳ್ಳುತ್ತಲೇ, ಕಥೆಯೊಳಗೆ ಅದಕ್ಕೆ ತಾವು ಕಟ್ಟಿದ ಭಾಷೆಯಲ್ಲಿ ಬೇರೆ ವ್ಯುತ್ಪತ್ತಿ ಇದೆಯೆಂದು ವಿವರಿಸುತ್ತಾರೆ. ಹೊರಗಿನ ನಿಘಂಟು ತಂದು ಒಳಗಿನ ಬೀಗ ತೆರೆಯಬೇಡಿ ಎಂಬುದು ಅವರ ತಕರಾರು. ಒಳಗಿನ ಬೀಗದ ಕೈಗಳನ್ನು ಅವರೇ ಅನುಬಂಧದಲ್ಲಿ ಕೊಟ್ಟಿದ್ದರು, ಅದೇ ವರ್ಷಗಳಲ್ಲಿ ಅನುವಾದಕರಿಗೆಂದು ಹೆಸರುಗಳ ಒಂದು ಕೈಪಿಡಿಯನ್ನೂ ಸಿದ್ಧಮಾಡಿದ್ದರು.

ಹೊರಗಿನ ನಿಘಂಟಿನಿಂದ ವಂಶ ಹೇಳುವುದು ಲೋಕದಲ್ಲೆಲ್ಲ ಇರುವ ಬಹಳ ಹಳೆಯ ಚಟುವಟಿಕೆ, ಅದರ ಸೊಗಸೇ ಬೇರೆ. ಎ. ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಚರ್ಚಿಸಿದ ಕನ್ನಡ ಜನಪದ ರಾಮಾಯಣದಲ್ಲಿ ರಾವಣ ಮಾವಿನ ಹಣ್ಣು ತಿಂದು ಬಸುರಾಗುತ್ತಾನೆ, ಸೀನಿದಾಗ ಮಗು ಮೂಗಿನಿಂದ ಹುಟ್ಟುತ್ತದೆ. ಸೀತದ್ದರಿಂದ ಹುಟ್ಟಿದವಳು ಸೀತೆ. ಸಂಸ್ಕೃತದಲ್ಲಿ ನೇಗಿಲ ಸಾಲು ಎಂಬ ಅರ್ಥವಿದ್ದ ಹೆಸರು ಕನ್ನಡದ ಕಿವಿಗೆ ಬಿದ್ದು ಅವಳಿಗೆ ಇನ್ನೊಬ್ಬ ತಂದೆಯನ್ನೇ ಕೊಟ್ಟಿತು. ಆದರೆ ಜನಪದ ಗಾಯಕ ಹಾಗೆ ಹೇಳುವಾಗ ಹೊಸ ಕಥೆ ಕಟ್ಟುತ್ತಿದ್ದಾನೆ, ಕಥೆ ಅವನದೂ ಹೌದು. ಟೋಲ್ಕಿನ್ನರ ಪುಸ್ತಕದೊಳಗೆ ಇದು ನಿಜ ಎಂದು ಹೇಳುವ ಅಭಿಮಾನಿ ಬೇರೆ ಹೊಣೆ ಹೊತ್ತಿದ್ದಾನೆ. ಇನ್ನೊಬ್ಬನ ಕಥೆಯ ಬಗ್ಗೆ ಅವನು ಸಾಕ್ಷಿ ಹೇಳುತ್ತಿದ್ದಾನೆ. ಹಾಗಾಗಿ ಸಾಕ್ಷಿಗೆ ತಕ್ಕ ಕಟ್ಟುಪಾಡು ಅವನಿಗಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಲೇಖಕನೇ ಯೋಚಿಸಿರದ ಪೂರ್ವಕಥೆಯನ್ನು ಓದುಗ ಹೇಗೆ ಕಂಡುಹಿಡಿದಾನು? ಇಲ್ಲದ್ದನ್ನು ಕಂಡುಹಿಡಿಯುವುದೆಂದರೆ ಹುಟ್ಟಿಸುವುದೇ ಅಲ್ಲವೇ? ಟೋಲ್ಕಿನ್ ಈ ವಿಷಯದಲ್ಲಿ ಪ್ರಾಮಾಣಿಕರು. ಮೋರಿಯಾದ ಕತ್ತಲಲ್ಲಿ ನಡೆಯುವಾಗ ಅರಗಾರ್ನ್ ಬೆರೂಥಿಯಲ್ ರಾಣಿಯ ಬೆಕ್ಕುಗಳ ಮಾತೆತ್ತುತ್ತಾನೆ. ಅಲ್ಲಿಗೆ ಅದು ಮುಗಿಯಿತು, ರಾಣಿ ಯಾರೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. 1955ರಲ್ಲಿ ಕವಿ ಆಡೆನ್ ಅವರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ಆ ಬೆಕ್ಕುಗಳ ಬಗ್ಗೆ ತಮಗೂ ಇನ್ನೂ ಏನೂ ಗೊತ್ತಾಗಿಲ್ಲ ಎಂದರು. ಆಮೇಲೆ ಗೊತ್ತುಮಾಡಿಕೊಂಡರು. ಅವಳು ಗೊಂಡೋರಿನ ರಾಜ ತರನ್ನೊನ್‌ನ ಹೆಂಡತಿ, ಪ್ರೀತಿಯಿಲ್ಲದ ಮದುವೆ, ಒಂಬತ್ತು ಕಪ್ಪು ಬೆಕ್ಕುಗಳು ಊರಿನ ಗುಟ್ಟುಗಳನ್ನು ಅವಳಿಗೆ ತಂದೊಪ್ಪಿಸುತ್ತಿದ್ದವು, ಒಂದು ಬಿಳಿ ಬೆಕ್ಕು ಆ ಒಂಬತ್ತರ ಮೇಲೆ ಕಣ್ಣಿಟ್ಟಿತ್ತು. 1980ರ ‘ಅನ್‌ಫಿನಿಷ್ಡ್ ಟೇಲ್ಸ್’ನ ಒಂದು ಅಡಿಟಿಪ್ಪಣಿಯಲ್ಲಿ ಇದು ಬೆಳಕಿಗೆ ಬಂತು. ಗ್ಲಾರ್ಫಿಂಡೆಲ್‌ನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಗೊಂಡೊಲಿನ್ ಪಟ್ಟಣದ ಪತನವನ್ನು ಟೋಲ್ಕಿನ್ ಮೊದಲು ಬರೆದದ್ದು 1916-17ರಲ್ಲಿ. ಅದರಲ್ಲಿ ಗ್ಲಾರ್ಫಿಂಡೆಲ್ ಎಂಬ ವೀರ ಬೆಂಕಿಯ ರಾಕ್ಷಸ ಬಾಲ್ರಾಗ್‌ನೊಡನೆ ಹೋರಾಡಿ ಸಾಯುತ್ತಾನೆ. ಸಾವಿರಾರು ವರ್ಷಗಳ ನಂತರ ನಡೆಯುವ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಅದೇ ಹೆಸರಿನವನು ಬಿಳಿಯ ಕುದುರೆ ಏರಿ ಫ್ರೋಡೋನ ನೆರವಿಗೆ ಬರುತ್ತಾನೆ. ಇಬ್ಬರೋ ಒಬ್ಬನೋ? ಹೆಸರು ಚೆನ್ನಾಗಿದೆಯೆಂದು ಲೇಖಕ ಮತ್ತೆ ಬಳಸಿದ್ದಾರೆ, ಅಷ್ಟೇ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಎಲ್ಫರು ಹೆಸರನ್ನು ಹಾಗೆ ಸುಮ್ಮನೆ ಮರುಬಳಕೆ ಮಾಡುವ ಜನರಲ್ಲ. ಬದುಕಿನ ಕೊನೆಯ ಒಂದೆರಡು ವರ್ಷಗಳಲ್ಲಿ ಟೋಲ್ಕಿನ್ ಕೂತು ಈ ಪ್ರಶ್ನೆಗೆ ಉತ್ತರ ಬರೆದರು. ಇಬ್ಬರೂ ಒಬ್ಬನೇ, ಸತ್ತವನು ಮರುದೇಹ ಪಡೆದು ಪಶ್ಚಿಮದಿಂದ ಹಿಂದಿರುಗಿದ್ದಾನೆ ಎಂಬುದು ಅವರ ತೀರ್ಪು. ಹಾಗೆ ತೀರ್ಮಾನಿಸಲು ಅವರು ಬಳಸಿದ ದಾರಿ ಯಾವುದು? ಅಚ್ಚಾದ ಪುಸ್ತಕ ಏನು ಹೇಳುತ್ತದೆ, ಎಲ್ಫರ ಹೆಸರಿನ ಪದ್ಧತಿ ಏನನ್ನು ಒಪ್ಪುತ್ತದೆ, ಅವರ ಸಾವಿನ ನಿಯಮ ಏನನ್ನು ಬಿಡುತ್ತದೆ ಎಂದು ಒಂದೊಂದನ್ನೇ ತೂಗುವ ದಾರಿ. ಅಂದರೆ ಟೋಲ್ಕಿನ್ ತಮ್ಮ ಪುಸ್ತಕವನ್ನು ಅಭಿಮಾನಿ ಓದುವಂತೆಯೇ ಓದಿದರು. ಲೇಖಕನಿಗೂ ಗೊತ್ತಿರದ್ದನ್ನು ಕಥೆಯ ನಿಯಮದಿಂದ ತಿಳಿಯಬಹುದು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಓದುಗರೂ ಸುಮ್ಮನಿರಲಿಲ್ಲ. 1965ರಲ್ಲಿ ರಿಚರ್ಡ್ ಪ್ಲಾಟ್ಸ್ ಎಂಬ ವಿದ್ಯಾರ್ಥಿ ನ್ಯೂಯಾರ್ಕಿನಲ್ಲಿ ಟೋಲ್ಕಿನ್ ಸಂಘ ಕಟ್ಟಿದರು. ಎಲ್ಫರ ಭಾಷೆಯ ನಾಮಪದಗಳ ವಿಭಕ್ತಿಗಳ ಪಟ್ಟಿಯನ್ನು ಟೋಲ್ಕಿನ್ ಅವರೇ ಪ್ಲಾಟ್ಸ್ ಅವರಿಗೆ ಬರೆದು ಕಳಿಸಿದರು. 1971ರಲ್ಲಿ ಆ ಭಾಷೆಗಳಿಗೆಂದೇ ಒಂದು ಪತ್ರಿಕೆ ಶುರುವಾಯಿತು. ಅದೇ ವರ್ಷ ಬಂದ ರಾಬರ್ಟ್ ಫಾಸ್ಟರ್ ಅವರ ಹೆಸರುಗಳ ಕೋಶ 1978ರಲ್ಲಿ ಹಿಗ್ಗಿ ದೊಡ್ಡದಾಯಿತು, ಕ್ರಿಸ್ಟೋಫರ್ ಟೋಲ್ಕಿನ್ ಅದನ್ನು ಮೆಚ್ಚಿದರು.

ನಿಯಮ ಹಿಡಿದು ಓದುವ ಈ ಅಭ್ಯಾಸ ಮುಂದಿನ ತಲೆಮಾರಿಗೆ ದಾಟಿದ್ದು ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮೂಲಕ. ರೌಲಿಂಗ್ ಭಾಷಾಶಾಸ್ತ್ರಜ್ಞರಲ್ಲ. ಆದರೆ ಹೆಸರಿನಲ್ಲಿ ಸುಳಿವಿಡುವ ಅಭ್ಯಾಸವನ್ನು ಎರಡನೆಯ ಪುಸ್ತಕದಲ್ಲೇ ತೋರಿಸಿಕೊಟ್ಟರು. ಟಾಮ್ ಮಾರ್ವೊಲೊ ರಿಡ್ಲ್ ಎಂಬ ಹೆಸರಿನ ಅಕ್ಷರಗಳನ್ನು ಗಾಳಿಯಲ್ಲಿ ಕಲಸಿ ಜೋಡಿಸಿದರೆ ವೊಲ್ಡೆಮಾರ್ಟ್ ಎದ್ದು ನಿಲ್ಲುತ್ತಾನೆ. ಆ ನಡುಹೆಸರು ಅವನ ತಾಯಿಯ ತಂದೆಯದು, ಆ ಅಜ್ಜನೇ 2005ರ ಆರನೆಯ ಪುಸ್ತಕದಲ್ಲಿ ಬಂದ. ಅಕ್ಷರಗಳ ಆಟ ತಮ್ಮ ಭಾಷೆಯಲ್ಲಿ ಕೂಡಬೇಕೆಂದು ಫ್ರೆಂಚ್ ಅನುವಾದಕರು ನಡುಹೆಸರನ್ನು ಎಲ್ವಿಸ್ ಎಂದು ಬದಲಿಸಿದ್ದರು, ಹಾಗಾಗಿ ಫ್ರೆಂಚಿನಲ್ಲಿ ಅಜ್ಜನೂ ಎಲ್ವಿಸ್ ಆಗಬೇಕಾಯಿತು. ಅದೇ ಆರನೆಯ ಪುಸ್ತಕದ ಕೊನೆಯಲ್ಲಿ ಆರ್. ಎ. ಬಿ. ಎಂದು ಸಹಿಯಿದ್ದ ಒಂದು ಚೀಟಿ ಸಿಗುತ್ತದೆ. ಯಾರೋ ವೊಲ್ಡೆಮಾರ್ಟ್‌ನ ಲಾಕೆಟ್ ಕದ್ದು ನಕಲಿಯನ್ನು ಇಟ್ಟು ಹೋಗಿದ್ದಾರೆ. ಏಳನೆಯ ಪುಸ್ತಕಕ್ಕೆ ಎರಡು ವರ್ಷ ಕಾಯಬೇಕಿತ್ತು. ಓದುಗರು ಬ್ಲ್ಯಾಕ್ ಮನೆತನದತ್ತ ತಿರುಗಿದರು. ಆ ಮನೆಯವರಿಗೆ ನಕ್ಷತ್ರಗಳ ಹೆಸರು: ಸಿರಿಯಸ್, ಬೆಲಾಟ್ರಿಕ್ಸ್, ಸಿಂಹರಾಶಿಯ ರೆಗ್ಯುಲಸ್. ವೊಲ್ಡೆಮಾರ್ಟ್‌ನ ಪಡೆ ಸೇರಿ, ಹಿಂದೆ ಸರಿಯಲು ಹೋಗಿ ಸತ್ತನೆಂದು ಐದನೆಯ ಪುಸ್ತಕ ಹೇಳಿದ್ದ ಸಿರಿಯಸ್‌ನ ತಮ್ಮ ಅವನು. ಆ ಪುಸ್ತಕದಲ್ಲೇ ಬ್ಲ್ಯಾಕ್ ಮನೆಯನ್ನು ಗುಡಿಸಿ ಸಾರಿಸುವ ಸನ್ನಿವೇಶವಿದೆ. ಕಪಾಟಿನಿಂದ ಹೊರತೆಗೆದ ಹಳೆಯ ಸಾಮಾನುಗಳ ಪಟ್ಟಿಯ ನಡುವೆ, ಯಾರಿಂದಲೂ ತೆರೆಯಲಾಗದ ಭಾರವಾದ ಒಂದು ಲಾಕೆಟ್ ಇತ್ತು. ಹಿಂದಿನ ಸಲ ಯಾರೂ ಗಮನಿಸದ ಸಾಲು ಅದು. ಇಷ್ಟರಲ್ಲಿ ಅನುವಾದಗಳಿಂದಲೂ ಸಾಕ್ಷಿ ಬಂತು. ಡಚ್ಚಿನಲ್ಲಿ ಬ್ಲ್ಯಾಕ್ ಮನೆತನಕ್ಕೆ ಜ್ವಾರ್ಟ್ಸ್ ಎಂಬ ಹೆಸರಿತ್ತು, ಅಲ್ಲಿ ಚೀಟಿಯ ಸಹಿ ಜ಼ೆಡ್ ಅಕ್ಷರದಿಂದ ಮುಗಿಯಿತು. ನಾರ್ವೆಯ ಭಾಷೆಯಲ್ಲಿ ಆ ಮನೆತನ ಸ್ವಾರ್ಟ್, ಅಲ್ಲಿ ಸಹಿಯ ಕೊನೆಯಕ್ಷರ ಎಸ್. ಫಿನ್ನಿಷಿನಲ್ಲಿ ಮುಸ್ತಾ, ಹಾಗಾಗಿ ಎಂ. 2007ರ ಜುಲೈ 21ರಂದು ಕೊನೆಯ ಪುಸ್ತಕ ಬಂದಾಗ ಸಹಿ ರೆಗ್ಯುಲಸ್ ಆರ್ಕ್ಟರಸ್ ಬ್ಲ್ಯಾಕ್‌ನದೇ ಆಗಿತ್ತು. ಆರ್ಕ್ಟರಸ್ ಕೂಡ ಒಂದು ನಕ್ಷತ್ರವೇ.

ಅದೇ ಓದುಗರು ಅದೇ ಉತ್ಸಾಹದಿಂದ ಎಡವಿದ್ದೂ ಇದೆ. ಐದನೆಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಹ್ಯಾರಿಯ ದೊಡ್ಡಮ್ಮನ ಮಗ ಡಡ್ಲಿಯಿಂದ ಪೆಟ್ಟು ತಿಂದ ಮಾರ್ಕ್ ಇವಾನ್ಸ್ ಎಂಬ ಹುಡುಗನ ಹೆಸರು ಬರುತ್ತದೆ. ಹ್ಯಾರಿಯ ತಾಯಿ ಲಿಲಿಯ ತವರಿನ ಹೆಸರೂ ಇವಾನ್ಸ್. ಅವನು ಹ್ಯಾರಿಯ ಗುಪ್ತ ಬಂಧುವೇ ಇರಬೇಕೆಂದು ದೊಡ್ಡ ಊಹೆ ಎದ್ದಿತು. 2004ರಲ್ಲಿ ರೌಲಿಂಗ್ ಅವನು ಯಾರೂ ಅಲ್ಲವೆಂದು ಹೇಳಬೇಕಾಯಿತು. ಇದು ಬಾದರಾಯಣ ಸಂಬಂಧ. ಆದರೆ ಇದು ತಪ್ಪೆಂದು ತಿಳಿಯಲು ರೌಲಿಂಗ್ ಬಾಯಿ ಬಿಡಬೇಕಿತ್ತೇ? ರೆಗ್ಯುಲಸ್‌ನ ಬೆನ್ನಿಗೆ ಹೆಸರಿನ ಪದ್ಧತಿ, ಹಿಂದಿನ ನಡತೆ, ಮನೆಯೊಳಗಿನ ವಸ್ತು ಎಲ್ಲ ಒಟ್ಟಿಗೆ ನಿಂತಿದ್ದವು. ಮಾರ್ಕ್‌ನ ಬೆನ್ನಿಗೆ ಬ್ರಿಟನ್ನಿನ ಯಾವ ಬೀದಿಯಲ್ಲೂ ಸಿಗುವ ಒಂದು ಮನೆಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಸರಿಯಾದ ಊಹೆಗೂ ಹುಸಿ ಊಹೆಗೂ ಇರುವ ಅಂತರವನ್ನು ಲೇಖಕರ ಹೇಳಿಕೆಗೆ ಮೊದಲೇ ಅಳೆಯಬಹುದಿತ್ತು.

ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಯಾರು ಯಾರ ಮಗ, ಯಾರಲ್ಲಿ ಯಾವ ರಾಜರಕ್ತ ಹರಿಯುತ್ತದೆ ಎಂಬ ಈ ಹುಡುಕಾಟ ಕುಲವನ್ನು ಗುಣಕ್ಕಿಂತ ಮೇಲೆ ಕೂರಿಸುವುದಿಲ್ಲವೇ? ಕುಲ ಕೇಳಿ ಮನುಷ್ಯರನ್ನು ಅಳೆದ ಸಮಾಜದ ಓದುಗರಾದ ನಮಗೆ ಈ ಅನುಮಾನ ಬೇಗ ಬರಬೇಕು, ಬರುವುದೂ ಸರಿ. ಅನಾಥ ಹುಡುಗನೊಬ್ಬ ಕಂಡರೆ ಸಾಕು, ಅವನಿಗೊಂದು ಸಿಂಹಾಸನ ಹುಡುಕುವ ಅಭಿಮಾನಿಗಳಿದ್ದಾರೆ. ಆದರೆ ಮೂಲವನ್ನು ನಿಜವಾಗಿ ಬಿಡಿಸಿದವನಿಗೆ ಬಹಳ ಸಲ ಸಿಗುವುದು ಕುಲದ ಹೆಮ್ಮೆಯಲ್ಲ, ಅದರ ಗಾಯ. ಬ್ಲ್ಯಾಕ್ ಮನೆಯ ಗೋಡೆಗೆ ಏಳು ಶತಮಾನಗಳ ವಂಶವೃಕ್ಷವನ್ನು ನೇಯ್ದ ಪರದೆ ತೂಗುಹಾಕಿದೆ. ಮನೆ ಬಿಟ್ಟು ಹೋದ ಸಿರಿಯಸ್, ಮಾಂತ್ರಿಕರಲ್ಲದ ತಂದೆತಾಯಿಗೆ ಹುಟ್ಟಿದವನನ್ನು ಮದುವೆಯಾದ ಆಂಡ್ರೊಮೀಡಾ ಇರಬೇಕಾದ ಜಾಗದಲ್ಲಿ ಸುಟ್ಟ ತೂತುಗಳಿವೆ. ಆ ವೃಕ್ಷವನ್ನು ಪೂರ್ತಿಮಾಡಲು ಹೊರಟ ಓದುಗ ಮೊದಲು ಆ ತೂತುಗಳಲ್ಲಿ ಯಾರಿದ್ದರೆಂದು ಕೇಳಬೇಕಾಗುತ್ತದೆ. ರೆಗ್ಯುಲಸ್‌ನನ್ನು ಹುಡುಕಿ ಹೋದವರಿಗೆ ಸಿಕ್ಕಿದ್ದು ಒಬ್ಬ ಮನೆಯಾಳಿನ ಮೇಲಿನ ಕರುಣೆಯಿಂದ ತನ್ನ ಒಡೆಯನನ್ನೇ ಎದುರುಹಾಕಿಕೊಂಡ ಹುಡುಗ.

ಈ ಮಾತು ಇನ್ನೂ ನಿಜವಾಗುವುದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಲೋಕದಲ್ಲಿ. 1996ರ ‘ಎ ಗೇಮ್ ಆಫ್ ಥ್ರೋನ್ಸ್’ನಲ್ಲಿ ಮದುವೆಯಾಚೆ ಹುಟ್ಟಿದ ಮಕ್ಕಳ ಮನೆಹೆಸರನ್ನು ನಾಡು ನಿರ್ಧರಿಸುತ್ತದೆ. ಉತ್ತರದಲ್ಲಿ ಸ್ನೋ, ಡಾರ್ನ್‌ನಲ್ಲಿ ಸ್ಯಾಂಡ್, ನದಿಯ ಸೀಮೆಯಲ್ಲಿ ರಿವರ್ಸ್. ಹೆಸರೇ ಇಲ್ಲಿ ಕಳಂಕ. ಜಾನ್ ಸ್ನೋ ಎಡ್ಡಾರ್ಡ್ ಸ್ಟಾರ್ಕ್‌ನ ಮಗನೆಂದು ಎಲ್ಲರೂ ನಂಬಿದ್ದಾರೆ, ತಾಯಿ ಯಾರೆಂದು ಎಡ್ಡಾರ್ಡ್ ಬಾಯಿ ಬಿಡುವುದಿಲ್ಲ. ಮೊದಲ ಪುಸ್ತಕ ಬಂದು ವರ್ಷ ಕಳೆಯುವಷ್ಟರಲ್ಲೇ ಓದುಗರು ಬೇರೆ ಉತ್ತರ ಕೊಡತೊಡಗಿದರು: ಅವನ ತಾಯಿ ಎಡ್ಡಾರ್ಡ್‌ನ ತಂಗಿ ಲಯಾನಾ, ತಂದೆ ರಾಜಕುಮಾರ ರೇಗಾರ್ ಟಾರ್ಗೇರಿಯನ್. ಅವರ ವಾದದ ಸರಣಿ ನನಗೆ ಇಂದಿಗೂ ಬೆರಗು. ಎಡ್ಡಾರ್ಡ್‌ನ ಜ್ವರದ ಕನಸಿನಲ್ಲಿ ದೂರದ ಗೋಪುರವೊಂದರ ಬಾಗಿಲಲ್ಲಿ ರಾಜನ ಅಂಗರಕ್ಷಕರು ಮೂವರು ನಿಂತಿದ್ದಾರೆ. ರಾಜ ಸತ್ತಿದ್ದಾನೆ, ರೇಗಾರ್ ಸತ್ತಿದ್ದಾನೆ, ಬದುಕಿರುವ ರಾಜಕುಮಾರ ಬೇರೆಲ್ಲೋ ಇದ್ದಾನೆ. ಅಂಗರಕ್ಷಕರ ಧರ್ಮ ರಾಜನನ್ನು ಕಾಯುವುದು. ಹಾಗಿದ್ದ ಮೇಲೆ ಆ ಮೂವರು ಇಲ್ಲಿ ಯಾರನ್ನು ಕಾಯುತ್ತಿದ್ದಾರೆ? ಒಳಗೆ ಲಯಾನಾ ರಕ್ತದ ಹಾಸಿಗೆಯಲ್ಲಿ ಅಣ್ಣನಿಂದ ಮಾತು ತೆಗೆದುಕೊಂಡು ಸಾಯುತ್ತಿದ್ದಾಳೆ. ಪಂದ್ಯದ ಮೈದಾನದಲ್ಲಿ ರೇಗಾರ್ ತನ್ನ ಹೆಂಡತಿಯನ್ನು ದಾಟಿ ಹೋಗಿ ಲಯಾನಾಳ ಮಡಿಲಲ್ಲಿಟ್ಟದ್ದು ನೀಲಿ ಗುಲಾಬಿಯ ಕಿರೀಟ. ಎರಡನೆಯ ಪುಸ್ತಕದ ದರ್ಶನವೊಂದರಲ್ಲಿ ಹಿಮದ ಗೋಡೆಯ ಬಿರುಕಿನಲ್ಲಿ ಒಂದು ನೀಲಿ ಹೂ ಬೆಳೆಯುತ್ತದೆ. ಜಾನ್ ಕಾವಲಿರುವುದು ಹಿಮದ ಗೋಡೆಯಲ್ಲೇ. ತನ್ನ ಮಾನವನ್ನೇ ಒತ್ತೆಯಿಟ್ಟು ತಂಗಿಯ ಮಗನನ್ನು ತನ್ನ ಹಾದರದ ಮಗನೆಂದು ಲೋಕದೆದುರು ಒಪ್ಪಿಕೊಂಡ ಎಡ್ಡಾರ್ಡ್ ಈ ಓದಿನಿಂದ ಬೇರೆಯೇ ಮನುಷ್ಯನಾಗುತ್ತಾನೆ. ವಂಶದ ಪ್ರಶ್ನೆ ಇಲ್ಲಿ ಸಿಂಹಾಸನಕ್ಕಿಂತ ಹೆಚ್ಚಾಗಿ ಒಬ್ಬ ಅಣ್ಣನ ಮೌನವನ್ನು ಬೆಳಗುತ್ತದೆ. ಓದುಗರು ಸರಿಯಾಗಿ ಊಹಿಸಿದರೆಂದು ಕಥೆಯನ್ನು ಬದಲಿಸುವ ಯೋಚನೆ ಬಂದರೂ ಹಾಗೆ ಮಾಡುವುದಿಲ್ಲವೆಂದು ಮಾರ್ಟಿನ್ 2014ರಲ್ಲಿ ಹೇಳಿದರು. ಹಾಗೆ ಮಾಡಿದರೆ ಮೊದಲೇ ಬಿತ್ತಿದ ಸುಳಿವುಗಳೆಲ್ಲ ಸುಳ್ಳಾಗುತ್ತವೆ. ಅದೇ ವರ್ಷ ಅವರ ಲೋಕದ ಅಧಿಕೃತ ಚರಿತ್ರೆಯ ಪುಸ್ತಕ ಬಂದಾಗ, ಅಭಿಮಾನಿಗಳಾಗಿ ವರ್ಷಗಟ್ಟಲೆ ವಂಶಾವಳಿಗಳನ್ನು ಕಾಪಾಡಿಕೊಂಡು ಬಂದಿದ್ದ ಎಲಿಯೊ ಗಾರ್ಸಿಯಾ ಮತ್ತು ಲಿಂಡಾ ಆಂಟನ್ಸನ್ ಅವರ ಹೆಸರು ಮಾರ್ಟಿನ್ ಹೆಸರಿನ ಜೊತೆಗೇ ರಕ್ಷಾಪುಟದ ಮೇಲಿತ್ತು.

2016ರ ಜೂನ್ 26ರಂದು ಈ ಕಾದಂಬರಿಗಳನ್ನು ಆಧರಿಸಿದ ದೂರದರ್ಶನ ಸರಣಿ ಲಯಾನಾಳ ಗೋಪುರದ ಬಾಗಿಲನ್ನು ತೆರೆದು ತೋರಿಸಿತು. ಓದುಗರ ಊಹೆ ನಿಜವಾಗಿತ್ತು. ಮರುವರ್ಷ ಆಗಸ್ಟ್ 27ರ ಕಂತಿನಲ್ಲಿ ಜಾನ್‌ನ ಹುಟ್ಟುಹೆಸರು ಏಗಾನ್ ಟಾರ್ಗೇರಿಯನ್ ಎಂದು ಹೇಳಲಾಯಿತು. ಇಪ್ಪತ್ತು ವರ್ಷ ತಂದೆತಾಯಿಯ ವಿಷಯದಲ್ಲಿ ಸರಿಯಾಗಿದ್ದವರಲ್ಲಿ ಅನೇಕರು ಈ ಹೆಸರನ್ನು ಒಪ್ಪಲಿಲ್ಲ. ಕಾರಣ ಪುಸ್ತಕದಲ್ಲೇ ಇದೆ. ಮೊದಲ ಹೆಂಡತಿ ಎಲಿಯಾಳಲ್ಲಿ ರೇಗಾರ್‌ಗೆ ಏಗಾನ್ ಎಂಬ ಮಗ ಆಗಲೇ ಇದ್ದ. ಒಬ್ಬ ತಂದೆ ಬದುಕಿರುವ ಮಗನ ಹೆಸರನ್ನೇ ಇನ್ನೊಬ್ಬ ಮಗನಿಗೆ ಇಡುತ್ತಾನೆಯೇ? ಲಯಾನಾ ತಾನೇ ಹೆಸರಿಟ್ಟಿರಬಹುದು, ಗೋಪುರದಲ್ಲಿದ್ದ ಅವಳಿಗೆ ಆ ಹಸುಗೂಸು ಕೊಲೆಯಾದ ಸುದ್ದಿ ತಲುಪಿರಬಹುದು ಎಂದು ಕೆಲವರು ಸರಣಿಯ ಪರವಾಗಿ ವಾದಿಸಿದರು. ಆದರೆ 2011ರ ಐದನೆಯ ಪುಸ್ತಕದಲ್ಲಿ ಆ ಏಗಾನ್ ನಾನೇ, ಅಂದು ಸತ್ತದ್ದು ಬೇರೆ ಮಗು ಎನ್ನುವ ಹುಡುಗನೊಬ್ಬ ಸೈನ್ಯ ಕಟ್ಟಿಕೊಂಡು ಸಮುದ್ರ ದಾಟಿ ಬಂದಿಳಿದಿದ್ದಾನೆ. ಅವನು ಅಸಲಿಯೋ ನಕಲಿಯೋ ಪುಸ್ತಕದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸರಣಿ ಅವನನ್ನು ಪೂರ್ತಿಯಾಗಿ ಕೈಬಿಟ್ಟಿತ್ತು, ಆದ್ದರಿಂದ ಅದರಲ್ಲಿ ಆ ಹೆಸರು ಖಾಲಿ ಬಿದ್ದಿತ್ತು. ಪುಸ್ತಕದಲ್ಲಿ ಅದು ಖಾಲಿಯಿಲ್ಲ. ಮಾರ್ಟಿನ್ ಲಯಾನಾಳ ಮಗನನ್ನು ಯಾವ ಹೆಸರಿನಿಂದ ಕರೆದರೂ, ಹಕ್ಕು ಕೇಳಿ ದಂಡೆಗಿಳಿದಿರುವ ಆ ಹುಡುಗನಿಗೆ ಮೊದಲು ಉತ್ತರ ಹೇಳಬೇಕು.